ತಿಂಗಳಿಗೊಂದು ಗುಡ್ಲು

ನನ್ನ ಮಗಳು ದೊಡ್ಡವಳಾದ ದಿನ ನಮ್ಮ ಮನೆಯಲ್ಲಿ ಸಂತೋಷಪಟ್ಟವಳು ಅವಳೊಬ್ಬಳೇ. ನಾನೂ ಪಡಬೇಕೆಂದಿದ್ದೆ, ನಮ್ಮತ್ತೆಯ ಮುಖ ನೋಡಿದ ಮೇಲೆ ಅದು ಅಲ್ಲೇ ಇಂಗಿಹೋಯಿತು. ಬೆಳಿಗ್ಗೆ ಹಿತ್ತಲಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದೆ. ಬಚ್ಚಲುಮನೆಯಿಂದ ಕೂಗಿದಳು, "ಅಮ್ಮಾ, ನಂಗೂ ಬಂತು, ನಂಗೂ ಬಂತು" ಅಂತ. ಕುಡುಗೋಲು ಅಲ್ಲೇ ಬಿಸಾಕಿ ಓಡಿದೆ. ಒಳಗೆ ಹಲ್ಲು ಕಿರಿದುಕೊಂಡು ನಿಂತಿದ್ದಳು.

ಅವಳು ಹೆದರದಿರಲಿ ಎಂದು ನಾನು ಬಹಳ ಮುಂಚಿನಿಂದಲೇ ತಯಾರಿ ಮಾಡಿದ್ದೆ. ಹಳೆಯ ಚಡ್ಡಿಗೆ ಕುಂಕುಮದ ನೀರು ಚೆಲ್ಲಿ, ಪ್ಯಾಡ್ ಹೇಗೆ ಅಂಟಿಸಬೇಕು, ಹೇಗೆ ಸುತ್ತಿ ಕಾಗದದಲ್ಲಿ ಕಟ್ಟಬೇಕು ಎಂದು ಕಲಿಸಿದ್ದೆ. ಅವಳಿಗೆ ಹತ್ತರ ಆಚೆ ಎಣಿಸಲು ಬರುವುದಿಲ್ಲ. ಮಾತು ತೊದಲು. ಹುಟ್ಟಿದಾಗಲೇ ಡಾಕ್ಟರು ಕಣ್ಣು, ಅಂಗೈ ನೋಡಿ, ಇವಳ ಬುದ್ಧಿ ಬೆಳೆಯುವುದು ನಿಧಾನ ಅಂದಿದ್ದರು. ಆದರೆ ಒಂದು ಕೆಲಸ ಕೈಗೆ ಹತ್ತಿತು ಅಂದರೆ ಮರೆಯುವವಳಲ್ಲ. ಊರವರು ಎದುರಿಗೆ ಅವಳನ್ನು ದೇವರ ಮಗು ಅನ್ನುತ್ತಾರೆ, ಬೆನ್ನ ಹಿಂದೆ ತೆಲುಗಿನಲ್ಲಿ ಪಿಚ್ಚಿದಿ, ಅಂದರೆ ಹುಚ್ಚಿ, ಅನ್ನುತ್ತಾರೆ. ದೇವರ ಮಗುವಾದರೆ ಒಂದು ದಿನ ನಿಮ್ಮ ಮನೆಯಲ್ಲಿಟ್ಟುಕೊಳ್ಳಿ, ನಾನು ಕೋಲಾರಕ್ಕೆ ಹೋಗಿ ಬರಬೇಕು ಅಂದರೆ ಭಕ್ತರೆಲ್ಲ ಮಾಯ.

ಅವಳ ಸಂತೋಷಕ್ಕೆ ಕಾರಣವಿತ್ತು. ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ತೆಂಗಿನ ಗರಿ, ಹೊಂಗೆ ಸೊಪ್ಪು ತಂದು ಮನೆ ಮುಂದೆ ಹಸಿರು ಗುಡಿಸಲು ಕಟ್ಟಬೇಕು. ಅದನ್ನೇ ಗುಡ್ಲು ಅನ್ನುವುದು. ಹುಡುಗಿಯನ್ನು ಅದರೊಳಗೆ ಕೂರಿಸಿ ಹೆಂಗಸರು ಅರಿಶಿನ ಹಚ್ಚಿ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ತಿನ್ನಿಸಿ, ಆರತಿ ಎತ್ತುತ್ತಾರೆ. ಕೊನೆಗೆ ಅದೇ ಮಾವ ಬಂದು ಗುಡ್ಲು ಕಿತ್ತು ಸುಡಬೇಕು. ಹಿಂದಿನ ವರ್ಷ ಪಕ್ಕದ ಬೀದಿಯ ಹುಡುಗಿಗೆ ಹಾಕಿದ್ದಾಗ ನನ್ನ ಮಗಳು ಹೋಗಿ ಗರಿಯ ಸಂದಿಯಿಂದ ಇಣುಕಿದ್ದಳು. ಒಬ್ಬಾಕೆ ಅವಳ ರಟ್ಟೆ ಹಿಡಿದು ಎಳೆದು ತಂದು ನನ್ನ ಮುಂದೆ ಬಿಟ್ಟು, "ಶುಭಕಾರ್ಯದಾಗೆ ಇದನ್ನ ಯಾಕಮ್ಮ ಬಿಡ್ತೀಯ" ಅಂದಳು. ಇದನ್ನ ಅಂದಳು. ಅದಕ್ಕೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಅವತ್ತಿನಿಂದ ಮಗಳದು ಒಂದೇ ರಾಗ.

"ನಂಗ್ಯಾವಾಗ ಗುಡ್ಲು?"

"ನೀನು ದೊಡ್ಡೋಳಾದಾಗ ಕಣೇ."

"ಮಾಮ ಹಾಕ್ತಾನಾ?"

"ಮಾಮನೇ ಹಾಕ್ಬೇಕು. ಇನ್ಯಾರು ಹಾಕ್ತಾರೆ?"

ಈ ಮಾಮ ಎಂದರೆ ನನ್ನ ತಮ್ಮ. ಮುಳಬಾಗಿಲಿನಿಂದ ಆವನಿಗೆ ಹೋಗುವ ದಾರಿಯಲ್ಲಿರುವುದು ನಮ್ಮೂರು. ನನ್ನ ತವರು ತೆಲುಗು ಗಡಿಯ ನಂಗಲಿ ಕಡೆ. ತಮ್ಮ ಅಲ್ಲೇ ಇದ್ದುಕೊಂಡು ಬಾಡಿಗೆಗೆ ಕಾರು ಓಡಿಸುತ್ತಾನೆ. ನನ್ನ ಮಗಳನ್ನು ಚಿಕ್ಕಂದಿನಲ್ಲಿ ಸ್ಟೇರಿಂಗಿನ ಮುಂದೆ ತೊಡೆಯ ಮೇಲೆ ಕೂರಿಸಿಕೊಂಡು ಹಾರನ್ ಹೊಡೆಸುತ್ತಿದ್ದ. ಅವಳಿಗೆ ಮಾಮನೆಂದರೆ ಪ್ರಾಣ.

ಅವನಿಗೆ ಫೋನು ಹಚ್ಚಿದೆ. ಅತ್ತೆ ನಡುಮನೆಯಲ್ಲಿ ಕಾಲು ಚಾಚಿ ಕೂತು ಅವರೆಕಾಳು ಬಿಡಿಸುತ್ತಿದ್ದರು.

"ಯಾರಿಗೆ ಫೋನು?"

"ನನ್ನ ತಮ್ಮನಿಗೆ. ಗುಡ್ಲು ಹಾಕ್ಬೇಕಲ್ಲ."

"ಗುಡ್ಲಾ? ಇದಕ್ಕಾ?" ಕಾಳು ಬಿಡಿಸುವ ಕೈ ನಿಲ್ಲಿಸಿದರು. "ನಮ್ಮನೆ ಹುಚ್ಚಿ ದೊಡ್ಡೋಳಾದ್ಲು, ಬಂದು ನೋಡ್ಕೊಂಡ್ ಹೋಗ್ರಪ್ಪ ಅಂತ ಊರಿಗೆಲ್ಲ ಡಂಗೂರ ಹೊಡೀಬೇಕಾ?"

"ಅವಳು ನಿಮ್ಮ ಮೊಮ್ಮಗಳು ಅತ್ತೆ."

"ಅದಕ್ಕೇ ಹೇಳ್ತಾ ಇರೋದು."

ತಮ್ಮ ಅವತ್ತೆಲ್ಲ ಫೋನು ಎತ್ತಲಿಲ್ಲ. ಮಾರನೆಯ ದಿನ ಬಂದ. ಕಾರಿನ ಸದ್ದು ಕೇಳಿದ್ದೇ ತಡ, ಮಗಳು ಹಜಾರದಿಂದ ಓಡಿಹೋಗಿ ಡಿಕ್ಕಿ ತಟ್ಟಿದಳು. "ಸೊಪ್ಪು ಎಲ್ಲಿ ಮಾಮ?" ಡಿಕ್ಕಿಯಲ್ಲಿ ಏನೂ ಇರಲಿಲ್ಲ. ಅವನು ಅವಳ ಕೈಗೆ ಒಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟು, ನನ್ನನ್ನು ಹುಣಸೆಮರದ ಕೆಳಗೆ ಕರೆದುಕೊಂಡು ಹೋದ.

ಅವನು ಹೇಳಿದ್ದು ಅರ್ಥವಾಗಬೇಕಾದರೆ ನಮ್ಮವರ ಇನ್ನೊಂದು ಪದ್ಧತಿ ಗೊತ್ತಿರಬೇಕು. ಗುಡ್ಲು ಹಾಕಿದ ಸೋದರಮಾವನಿಗೆ ಆ ಹುಡುಗಿಯ ಮೇಲೆ ಹಕ್ಕು. ತಾನೇ ಮದುವೆಯಾಗಬಹುದು, ಇಲ್ಲವೇ ಮಗನಿಗೆ ತಂದುಕೊಳ್ಳಬಹುದು. ನನ್ನನ್ನೇ ನನ್ನ ಸೋದರಮಾವನಿಗೆ ಕೇಳಿದ್ದರು. ಈಗ ಹಾಗೆ ಮಾಡುವವರು ಕಡಿಮೆಯಾಗಿದ್ದಾರೆ, ಮಾತು ಮಾತ್ರ ಉಳಿದಿದೆ. ಬೇರೆ ಹುಡುಗಿಯರಾದರೆ ಮಾವಂದಿರು ಮೀಸೆ ತಿರುವಿಕೊಂಡು ಬರುತ್ತಾರೆ. ನನ್ನ ಮಗಳ ಸರದಿ ಬಂದಾಗ ನನ್ನ ತಮ್ಮನಿಗೆ ಭಯ ಹತ್ತಿಕೊಂಡಿತು.

"ನಾಳೆ ಯಾವನಾದ್ರೂ ಏನಾದ್ರೂ ಮಾಡಿ ಅವಳಿಗೊಂದು ಹೊಟ್ಟೆ ಆದ್ರೆ, ತಂದು ನನ್ನ ಮನೆ ಬಾಗಿಲಿಗೇ ಬಿಡ್ತಾರೆ ಕಣಕ್ಕ. ಗುಡ್ಲು ಹಾಕ್ದೋನು ನೀನೇ ಅಲ್ವಾ, ಇಟ್ಕೋ ಅಂತಾರೆ. ನನಗೂ ಒಬ್ಬ ಮಗ ಇದಾನೆ. ನನ್ನ ಹೆಂಡ್ತಿ ಅದನ್ನೇ ಹಿಡ್ಕೊಂಡು ಅಳ್ತಾ ಕೂತವಳೆ."

"ಅದಕ್ಕೆ ಏನ್ ಮಾಡ್ಬೇಕು ಅಂತೀಯ?"

"ಗರ್ಭಚೀಲ ತೆಗೆಸಿಬಿಡೋಣ. ಹೈವೇ ಪಕ್ಕದಾಗೆ ಒಬ್ಬ ಡಾಕ್ಟ್ರು ಅವ್ನೆ, ಕೇಳಿಟ್ಟಿದೀನಿ. ತಿಂಗಳು ತಿಂಗಳು ನಿನಗೂ ಗೋಳು ತಪ್ಪುತ್ತೆ. ನಾನೂ ಧೈರ್ಯವಾಗಿ ಗುಡ್ಲು ಹಾಕ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಅಲ್ಲ ಕಣೋ, ಇವಳ ಗರ್ಭಚೀಲ ತೆಗೆದ್ರೆ ಆ ಯಾವನೋ ಬರೋದು ನಿಲ್ಲಿಸ್ತಾನಾ? ಕುಯ್ಯೋದೇ ಆದ್ರೆ ಅವನದನ್ನ ಕುಯ್ಯಿ. ಏನು ಬೇಕಾದ್ರೂ ಆಗ್ಲಿ, ಹೊಟ್ಟೆ ಮಾತ್ರ ಕಾಣಬಾರ್ದು, ಅಷ್ಟೇ ತಾನೇ ನಿಮಗೆಲ್ಲ ಬೇಕಾಗಿರೋದು?"

ಅವನು ಕಾರಿನ ಕಡೆ ನಡೆದ. ಹೋಗುವಾಗ ಮಗಳು ಕಾರಿನ ಕಿಟಕಿ ಹಿಡಿದುಕೊಂಡು, "ನಾಳೆ ಸೊಪ್ಪು ತತ್ತೀಯಾ ಮಾಮ?" ಅಂದಳು. "ತರ್ತೀನಿ ಕಣಮ್ಮ" ಅಂದುಬಿಟ್ಟ.

ನನ್ನ ಗಂಡ ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿದ್ದಾರೆ. ಅಲ್ಲೇ ರೂಮು, ಶನಿವಾರ ಬರುವುದು, ಸೋಮವಾರ ಬೆಳಿಗ್ಗೆ ಹೋಗುವುದು. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಯಾರಿಗೂ ಎದುರಾಡುವುದಿಲ್ಲ. ಎಂಥ ಒಳ್ಳೆಯ ಗಂಡ ಎಂದು ಊರೆಲ್ಲ ಹೇಳುತ್ತದೆ. ಆ ಶನಿವಾರ ಬಂದವರೇ ಕಾಫಿ ಕುಡಿಯುತ್ತ, "ನಿನ್ನ ತಮ್ಮ ಹೇಳೋದ್ರಲ್ಲೂ ನ್ಯಾಯ ಇದೆ. ಅವಳಿಗೇನು ತಿಳಿಯುತ್ತೆ? ತಿಳಿದೋರು ನಾವು ತೀರ್ಮಾನ ಮಾಡ್ಬೇಕು" ಅಂದರು.

"ಅವಳಿಗೆ ನೋವು ತಿಳಿಯುತ್ತೆ" ಅಂದೆ. ಅದಕ್ಕೆ ಅವರು ಇನ್ನೊಂದು ಲೋಟ ಕಾಫಿ ಕೇಳಿದರು.

ಆದರೆ ಭಾನುವಾರ ಬೆಳಿಗ್ಗೆ ತಮ್ಮ ಬಂದೇ ಬಂದ. ಕಾರಿನ ಮೇಲೆ ತೆಂಗಿನ ಗರಿ, ಡಿಕ್ಕಿ ತುಂಬ ಹೊಂಗೆ ಸೊಪ್ಪು, ಹಿಂದಿನ ಸೀಟಿನಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಹಸಿರು ರೇಷ್ಮೆಯ ಲಂಗದಾವಣಿ. ರಕ್ತಸಂಬಂಧ ಅಲ್ಲವೇ, ಮನಸ್ಸು ಕರಗಿತು ಅಂದುಕೊಂಡೆ. ಅವನಿಗೆ ಬಿಸಿ ರಾಗಿಮುದ್ದೆ ತಿರುವಿ, ಸೊಪ್ಪಿನ ಸಾರು ಮಾಡಿ ಬಡಿಸಿದೆ. ಎರಡು ಸಲ ಬಡಿಸಿಕೊಂಡು ತಿಂದ.

ಗುಡ್ಲು ಎದ್ದಿತು. ನನ್ನ ಮಗಳು ಲಂಗದಾವಣಿ ಉಟ್ಟು, ತಲೆ ತುಂಬ ಕನಕಾಂಬರ ಮುಡಿದು, ಒಳಗೆ ಕೂತಳು. ಪೂಜೆಗೆ ಕೂತ ಹೆಂಗಸಿನ ಹಾಗೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಅಲುಗಾಡಿದರೆ ಎಲ್ಲಿ ಎದ್ದು ಹೋಗು ಅಂದುಬಿಡುತ್ತಾರೋ ಎಂದು ಅಲುಗಾಡದೆ ಕೂತಳು. ಕರೆದವರಲ್ಲಿ ಅರ್ಧ ಜನ ಬರಲಿಲ್ಲ. ಬಂದವರು ಅವಳ ಕೆನ್ನೆಗೆ ಅರಿಶಿನ ಹಚ್ಚುವಾಗ ಬೆರಳ ತುದಿಯಷ್ಟೇ ತಾಗಿಸಿದರು. ಒಬ್ಬಾಕೆ ಹಚ್ಚಿದ ಮೇಲೆ ಸೆರಗಿಗೆ ಬೆರಳು ಒರೆಸಿಕೊಂಡಳು.

ಗುಡ್ಲಿನಲ್ಲಿ ಕೂತವಳನ್ನು ಗಂಡನ ಹೆಸರು ಹೇಳು ಎಂದು ಗೋಳು ಹೊಯ್ದುಕೊಳ್ಳುವುದು ವಾಡಿಕೆ. ಒಬ್ಬಳು ಶುರು ಮಾಡಿದಳು, "ಏನೇ, ನಿನ್ನ ಗಂಡ ಯಾವನೇ?" ಮಗಳು ಯೋಚನೆ ಮಾಡಿ, ಜಗಲಿಯ ಮೇಲೆ ಮೊಬೈಲ್ ನೋಡುತ್ತ ಕೂತಿದ್ದ ನನ್ನ ತಮ್ಮನ ಮಗನನ್ನು ಬೆರಳು ಮಾಡಿ ತೋರಿಸಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವನು ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದ. ಎಲ್ಲರೂ ನಗುತ್ತಿದ್ದಾರೆಂದು ನನ್ನ ಮಗಳೂ ಚಪ್ಪಾಳೆ ತಟ್ಟಿ ನಕ್ಕಳು.

ತಮ್ಮನ ಹೆಂಡತಿ ನಗಲಿಲ್ಲ. ಅವಳು ಗಡಿಯಾಚೆಯವಳು, ತೆಲುಗಿನಲ್ಲೇ ಮಾತು. ಆರತಿ ತಟ್ಟೆ ಕೆಳಗಿಟ್ಟು ನನಗೆ ಕೇಳಿಸುವ ಹಾಗೆ, "ಈ ಪಿಲ್ಲಕಿ ಎಂದುಕು ವದಿನಾ ಇದಂತಾ" ಅಂದಳು. ಈ ಹುಡುಗಿಗೆ ಯಾಕಕ್ಕ ಇದೆಲ್ಲ ಅಂತ.

ಶಾಸ್ತ್ರ ಮುಗಿದು, ಸಂಜೆ ತಮ್ಮ ಗುಡ್ಲು ಕಿತ್ತು ಊರಾಚೆ ಬೆಂಕಿ ಹಚ್ಚಿದ. ಹಸಿ ಸೊಪ್ಪು ಚಟಪಟ ಅನ್ನುತ್ತ ಹೊಗೆ ಎದ್ದಿತು. ನಾನೂ ನನ್ನ ಗಂಡನೂ ಅಲ್ಲೇ ನಿಂತಿದ್ದೆವು. ಕೋಲಿನಿಂದ ಗರಿ ತಿರುವುತ್ತ ತಮ್ಮ ಕೇಳಿದ, "ಬುಧವಾರ ನೀವೇ ಕರ್ಕೊಂಡ್ ಬರ್ತೀರಾ, ಇಲ್ಲ ನಾನೇ ಬಂದು ಕರ್ಕೊಂಡ್ ಹೋಗ್ಲಾ?"

"ಎಲ್ಲಿಗೆ?" ಅಂದೆ.

ಅವನು ನನ್ನ ಗಂಡನ ಮುಖ ನೋಡಿದ. ನನ್ನ ಗಂಡ ಬೆಂಕಿ ನೋಡಿದರು. ಆಗ ತಿಳಿಯಿತು, ನನ್ನ ಬೆನ್ನ ಹಿಂದೆ ಇಬ್ಬರೂ ಫೋನಿನಲ್ಲಿ ಮಾತು ಮುಗಿಸಿಕೊಂಡಿದ್ದಾರೆ. ನೀನು ಗುಡ್ಲು ಹಾಕು, ನಾನು ಆಪರೇಷನ್ನಿಗೆ ಕಳಿಸ್ತೀನಿ ಅಂತ ನನ್ನ ಗಂಡ ಮಾತು ಕೊಟ್ಟಿದ್ದಾರೆ. ನಾನು ತಿರುವಿ ಹಾಕಿದ ಮುದ್ದೆ ಅವನ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ.

"ನನ್ನ ಮಗಳ ಮೈಗೆ ಬ್ಲೇಡು ತಾಗ್ಲಿ, ಇಬ್ಬರನ್ನೂ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಸ್ತೀನಿ" ಅಂದೆ. ತಮ್ಮ ಕೋಲನ್ನು ಬೆಂಕಿಗೆ ಎಸೆದ. "ಇನ್ನ ನಿನ್ನ ಬಾಗಿಲು ತುಳಿಯಲ್ಲ ಕಣಕ್ಕ" ಅಂದು ಹೆಂಡತಿ ಮಗನನ್ನು ಹತ್ತಿಸಿಕೊಂಡು ಹೋಗಿಬಿಟ್ಟ. ನನ್ನ ಮಗಳು ಲಂಗ ಎತ್ತಿ ಹಿಡಿದುಕೊಂಡು ಕಾರಿನ ಹಿಂದೆ ಅರಳಿಕಟ್ಟೆಯವರೆಗೂ ಓಡಿದಳು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ತಿಂಗಳು ಅವಳಿಗೆ ಮತ್ತೆ ಬಂತು. ಬಚ್ಚಲುಮನೆಯಲ್ಲಿ ಎಲ್ಲ ಅಚ್ಚುಕಟ್ಟಾಗಿ ಮಾಡಿಕೊಂಡಳು. ಹೊರಗೆ ಬಂದವಳು ಟ್ರಂಕು ತೆಗೆದು ಆ ಹಸಿರು ಲಂಗದಾವಣಿ ಎಳೆದು ಉಟ್ಟಳು. ಪ್ಲಾಸ್ಟಿಕ್ ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಗುಡ್ಲು ಇದ್ದ ಜಾಗದಲ್ಲಿ ಹಾಕಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು.

"ಏನೇ ಇದು?"

"ಬಂತಲ್ಲಮ್ಮ. ಮಾಮ ಬತ್ತಾನೆ, ಗುಡ್ಲು ಹಾಕ್ತಾನೆ."

ನಾನು ಎಲ್ಲವನ್ನೂ ಕಲಿಸಿದ್ದೆ, ಗುಡ್ಲು ಒಂದೇ ಸಲ ಅನ್ನುವುದನ್ನು ಕಲಿಸಬೇಕೆಂದು ಯಾರಿಗೆ ಹೊಳೆಯುತ್ತದೆ? ಬೇರೆ ಹುಡುಗಿಯರಿಗೆ ಯಾರೂ ಹೇಳಿಕೊಡುವುದಿಲ್ಲ. ಅವಳ ಲೆಕ್ಕ ಅವಳಿಗೆ ಸರಿಯಾಗಿಯೇ ಇತ್ತು. ರಕ್ತ ಬಂದರೆ ಮಾಮ ಬರಬೇಕು. ಒಂದೇ ಸಲ ಕಣೇ, ಇನ್ನಿಲ್ಲ ಅಂದೆ. ಹೂಂ ಅಂದಳು. ಸಂಜೆಯವರೆಗೂ ಅಲ್ಲೇ ಕೂತಿದ್ದಳು. ಅದರ ಮುಂದಿನ ತಿಂಗಳೂ ಅಷ್ಟೇ, ಅದರ ಮುಂದಿನ ತಿಂಗಳೂ ಅಷ್ಟೇ. ಬೀದಿಯಲ್ಲಿ ಹೋಗಿ ಬರುವವರಿಗೆಲ್ಲ ತಾನೇ ಕರೆದು ಹೇಳುತ್ತಿದ್ದಳು, ನಂಗೆ ಬಂದೈತೆ, ಗುಡ್ಲಿಗೆ ಬನ್ನಿ ಅಂತ. ಗಂಡಸರೆನ್ನದೆ ಹೆಂಗಸರೆನ್ನದೆ ಹೇಳುತ್ತಿದ್ದಳು. ಟೀ ಅಂಗಡಿಯ ಮುಂದೆ ಕೂರುವ ಪಡ್ಡೆಗಳಿಗೆ ಇದೊಂದು ಆಟವಾಯಿತು. ದೂರದಿಂದ ಬೈಕಿನ ಹಾರನ್ ಹೊಡೆದು, "ಲೇ, ನಿಮ್ ಮಾಮ ಬಂದ ಕಣೇ" ಎಂದು ಕೂಗುವರು. ಅವಳು ಕುರ್ಚಿಯಿಂದ ಎದ್ದು ಓಡುವಳು. ಯಾರೂ ಇರುತ್ತಿರಲಿಲ್ಲ. ಒಮ್ಮೆ ನಾನು ಪೊರಕೆ ಹಿಡಿದುಕೊಂಡು ಅಲ್ಲಿಗೇ ಹೋದೆ. ತಮಾಷೆಗೆ ಕಣಕ್ಕ ಅಂದರು.

ಅತ್ತೆಯ ಬಾಯಿಗೆ ಎಲೆ ಅಡಿಕೆ ಸಿಕ್ಕಿದ ಹಾಗಾಯಿತು. ಅಗಿದದ್ದೇ ಅಗಿದರು. "ಅವತ್ತೇ ತೆಗೆಸಿಬಿಟ್ಟಿದ್ರೆ ಈ ಮಾನಗೇಡು ಇರ್ತಿತ್ತಾ?" ಅಷ್ಟಕ್ಕೇ ನಿಲ್ಲಿಸಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಾನು ಸೊಪ್ಪಿಗೆ ಹೋದಾಗ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಲೆಗೆ ಎಣ್ಣೆ ಒತ್ತುತ್ತ, "ನಿಮ್ಮಮ್ಮ ತೆಗೆಸಲ್ಲ ಅಂದ್ಲಲ್ಲ, ಅದಕ್ಕೇ ಮಾಮ ಬರ್ತಾ ಇಲ್ಲ. ತೆಗೆಸ್ಕೊಂಡ್ರೆ ಬರ್ತಾನೆ" ಎಂದು ಹೇಳಿಕೊಡುತ್ತಿದ್ದರು. ಇದು ನನಗೆ ತಿಳಿದದ್ದು ತಡವಾಗಿ.

ಒಂದು ಭಾನುವಾರ, ಬಿಸಿಲು ನೆತ್ತಿಗೆ ಬಂದಿತ್ತು, ಇವಳು ಆ ಲಂಗದಾವಣಿಯಲ್ಲಿ ಬೆವರುತ್ತ ಕುರ್ಚಿಯಲ್ಲಿ ಕೂತಿದ್ದಳು. ನನಗೆ ನೋಡಲಾಗಲಿಲ್ಲ. ಹೋಗಿ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅವಳ ಮುಖ ಹಿಡಿದು ಹೇಳಿದೆ, "ಮಾಮ ಬರಲ್ಲ ಕಣೇ. ಇವತ್ತೂ ಬರಲ್ಲ, ನಾಳೆನೂ ಬರಲ್ಲ. ಇದು ಎಷ್ಟು ಸಲ ಬಂದ್ರೂ ಗುಡ್ಲು ಇಲ್ಲ. ಎದ್ದು ಬಾ ಒಳಗೆ."

ಅವಳು ಕೆಳಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಂದಳು, "ಇದು ಬೇಡ. ತೆಗೆಸ್ಬಿಡಮ್ಮ. ತೆಗೆಸಿದ್ರೆ ಮಾಮ ಬತ್ತಾನೆ."

ಜಗಲಿಯ ಮೇಲೆ ನನ್ನ ಗಂಡ ಕೂತಿದ್ದರು. "ಕೇಳಿದ್ಯಾ?" ಅಂದರು. "ಅವಳೇ ಹೇಳ್ತಾ ಇದಾಳೆ."

ಅವಳು ಸ್ಕೂಲಿಗೆ ಹೋಗ್ತೀನಿ ಅಂದಾಗ ಈ ಮನುಷ್ಯನಿಗೆ ಕೇಳಿಸಲಿಲ್ಲ. ಅಪ್ಪ, ನನ್ನೂ ಮಾಲೂರಿಗೆ ಕರ್ಕೊಂಡ್ ಹೋಗು, ಟ್ರೈನು ನೋಡ್ತೀನಿ ಎಂದು ವರ್ಷಗಟ್ಟಲೆ ಗೋಗರೆದಾಗ ಕೇಳಿಸಲಿಲ್ಲ. ಅವಳಿಗೇನು ತಿಳಿಯುತ್ತೆ ಅಂದವರು ಇವರೇ. ಈ ಒಂದು ಮಾತು ಮಾತ್ರ ಕಿವಿಗೆ ಬಿತ್ತು, ತಕ್ಷಣ ಅವಳಿಗೆ ಬುದ್ಧಿಯೂ ಬಂದುಬಿಟ್ಟಿತು. ಇದನ್ನೆಲ್ಲ ಬೀದಿಗೆ ಕೇಳಿಸುವ ಹಾಗೆ ಕೂಗಿ ಹೇಳಿದೆ. ಅವರು ಎದುರಾಡಲಿಲ್ಲ. ಎದ್ದು ಮನೆ ಹಿಂದಕ್ಕೆ ಹೋಗಿ ಫೋನು ಮಾಡಿದರು.

ತಿಂಗಳುಗಟ್ಟಲೆ ಈ ಕಡೆ ತಲೆ ಹಾಕದಿದ್ದ ತಮ್ಮ ಊಟದ ಹೊತ್ತಿಗೆಲ್ಲ ಬಂದುಬಿಟ್ಟ. ಆ ಕಾರಿನ ಸದ್ದು ಮಗಳಿಗೆ ಗೊತ್ತಾಗುತ್ತದೆ, ಅದಕ್ಕೆ ಬುದ್ಧಿ ಬೇಡ. ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಓಡಿದಳು. ಡಿಕ್ಕಿ ತಟ್ಟಿ ನೋಡಲಿಲ್ಲ, ಸೊಪ್ಪು ಕೇಳಲಿಲ್ಲ. ಮಾಮನ ಸೊಂಟ ತಬ್ಬಿಕೊಂಡು ಅವನ ಹೊಟ್ಟೆಗೆ ಮುಖ ಒತ್ತಿದಳು. ಅವನು ಬಾಗಿಲು ತೆರೆದ. ಅವಳು ಹತ್ತಿ ಮುಂದಿನ ಸೀಟಿನಲ್ಲಿ ಕೂತು, ದಾವಣಿ ಸರಿ ಮಾಡಿಕೊಂಡು, ನನ್ನ ಕಡೆ ಕೈ ಬೀಸಿದಳು. ಅತ್ತೆ ಒಳಗಿನಿಂದ ಅವಳ ಬಟ್ಟೆಯ ಚೀಲ ತಂದರು. ಅದು ಯಾವಾಗಲೋ ತುಂಬಿಟ್ಟಿದ್ದ ಚೀಲ.

"ಅವಳೇ ಬಂದು ಕೂತ್ಕೊಂಡ್ಲು ಅಕ್ಕ, ನೋಡು, ನಾನೇನ್ ಎಳೆದ್ನಾ?" ಅಂದ ತಮ್ಮ, ಸ್ಟೇರಿಂಗಿನ ಮುಂದೆ ಕೂರುತ್ತ.

ನಾನು ಎಳೆದೆ. ಬಾಗಿಲು ತೆರೆದು ಅವಳ ತೋಳು ಹಿಡಿದು ಎಳೆದೆ. ಅವಳು ಸೀಟು ಹಿಡಿದುಕೊಂಡಳು, ಸ್ಟೇರಿಂಗ್ ಹಿಡಿದುಕೊಂಡಳು, ಮಾಮನ ಅಂಗಿ ಹಿಡಿದುಕೊಂಡಳು. ಒಂದೊಂದು ಬೆರಳನ್ನೂ ನಾನೇ ಬಿಡಿಸಿದೆ. ನನ್ನ ಮುಂಗೈ ಕಚ್ಚಿದಳು, ಹಲ್ಲು ಇಳಿಯಿತು. ಹಸಿರು ದಾವಣಿ ಬಾಗಿಲಿಗೆ ಸಿಕ್ಕಿ ಪರ್ ಎಂದು ಹರಿಯಿತು. ಇಬ್ಬರೂ ಬೀದಿಯ ಮಣ್ಣಿಗೆ ಬಿದ್ದೆವು. ಅವಳನ್ನು ಎರಡು ತೋಳಿನಲ್ಲೂ ಅವಚಿ ಹಿಡಿದುಕೊಂಡು ಕಾರಿನ ಮುಂದೆಯೇ ಕೂತೆ. ಹಾಯಿಸುವುದಾದರೆ ಹಾಯಿಸು ಅಂದೆ. ಊರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿತು, ಒಂದು ನರಪಿಳ್ಳೆಯೂ ಮೆಟ್ಟಿಲು ಇಳಿಯಲಿಲ್ಲ. ಕೊನೆಗೆ ತಮ್ಮ ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋದ.

ಮಾರನೆಯ ದಿನ ಮುಳಬಾಗಿಲಿಗೆ ಹೋಗಿ ಸ್ಟೇಷನ್ನಿನಲ್ಲಿ ಬಾಯಿಬಿಟ್ಟು ಹೇಳಿ ಬಂದೆ. ಅಲ್ಲಿಂದ ನನ್ನ ಗಂಡನಿಗೊಂದು, ತಮ್ಮನಿಗೊಂದು ಫೋನು ಹೋಯಿತು. ಆಪರೇಷನ್ನಿನ ಮಾತನ್ನು ಆಮೇಲೆ ಯಾರೂ ಎತ್ತಿಲ್ಲ. ನನ್ನ ಮಗಳ ಮೈ ಅವಳದಾಗಿಯೇ ಉಳಿಯಿತು.

ಅವಳು ಈಗ ಕುರ್ಚಿ ಹಾಕಿಕೊಂಡು ಕೂರುವುದಿಲ್ಲ. ಅಜ್ಜಿಯ ಕೈಯಿಂದಲೇ ಊಟ, ಅಜ್ಜಿಯ ಪಕ್ಕವೇ ಮಲಗುವುದು. ನಾನು ತಲೆ ಬಾಚಲು ಹೋದರೆ ಬಾಚಣಿಗೆ ಕಿತ್ತು ಎಸೆಯುತ್ತಾಳೆ. ತಿಂಗಳ ದಿನ ಬಂದಾಗ ನನ್ನ ಮುಖದ ಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಜಗಲಿಯ ಮೇಲೆ ಕೂತವಳನ್ನು ದಾರಿಯಲ್ಲಿ ಹೋಗುವವರು ಯಾರಾದರೂ ನಿಮ್ಮಮ್ಮ ಎಲ್ಲಮ್ಮ ಎಂದು ಕೇಳಿದರೆ, "ಅಮ್ಮ ಇಲ್ಲ" ಅನ್ನುತ್ತಾಳೆ. ನಾನು ಅಲ್ಲೇ, ಅವಳ ಎದುರಿಗೇ, ಸೊಪ್ಪಿನ ಹೊರೆ ಇಳಿಸುತ್ತ ನಿಂತಿರುತ್ತೇನೆ.